ಕೆಲಸ ಬಿಡದೆ ಡಾಕ್ಟರೇಟ್: ಕಾಲೇಜು ಮುನ್ನಡೆಸುವವರಿಗೆ ಕೊಣಾಜೆಯೋ, ಮಣಿಪಾಲವೋ, ಹೊರದೇಶವೋ?

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಕೇಳುವವರು ಹತ್ತು ಹದಿನೈದು ವರ್ಷ ಪಾಠ ಮಾಡಿದವರು, ಐಕ್ಯೂಎಸಿ ಎಂಬ ಕಾಲೇಜಿನ ಆಂತರಿಕ ಗುಣಮಟ್ಟ ಕೋಶದ ಸಂಯೋಜಕರಾಗಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಮುಂದೆ ಕಡತ ಹಿಡಿದು ನಿಂತವರು, ಉಪಪ್ರಾಂಶುಪಾಲರಾಗಿ ಪ್ರವೇಶಾತಿಯಿಂದ ಮೌಲ್ಯಮಾಪನದವರೆಗೆ ಎಲ್ಲವನ್ನೂ ಹೊತ್ತವರು. ಉನ್ನತ ಶಿಕ್ಷಣದ ಆಡಳಿತ ಮತ್ತು ನಾಯಕತ್ವದಲ್ಲೇ ಡಾಕ್ಟರೇಟ್ ಮಾಡುವ ಆಸೆ ಅವರಿಗಿದೆ. ಕೆಲಸ ಬಿಡುವ ಸ್ಥಿತಿ ಇಲ್ಲ. ಸ್ವಲ್ಪ ಆನ್‌ಲೈನ್, ಸ್ವಲ್ಪ ಮುಖಾಮುಖಿ ಇರುವ ಕೋರ್ಸು ಯಾವುದಾದರೂ ಇದೆಯೇ, ಇದ್ದರೆ ಯಾವುದನ್ನು ನಂಬುವುದು ಎಂದು ಕೇಳುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಹೆಸರಿನಿಂದ ಹುಡುಕಾಟ ಆರಂಭಿಸಬೇಡಿ. ಈ ಪದವಿ ನಿಮಗೆ ಹುದ್ದೆಯ ಅರ್ಹತೆಗಾಗಿ ಬೇಕೋ, ಈಗಾಗಲೇ ಇರುವ ಹುದ್ದೆಯನ್ನು ಚೆನ್ನಾಗಿ ನಿಭಾಯಿಸುವುದಕ್ಕಾಗಿ ಬೇಕೋ ಎಂಬುದು ಮೊದಲು ಇತ್ಯರ್ಥವಾಗಲಿ. ಎರಡನ್ನೂ ಒಂದೇ ಪದವಿ ಪೂರೈಸುವುದು ಅಪರೂಪ. ಈ ಒಂದು ವಿಷಯ ಸ್ಪಷ್ಟವಾಗದೆ ಹಣ ಕಟ್ಟಿದವರು ಐದಾರು ವರ್ಷಗಳ ನಂತರ ನೇಮಕಾತಿ ಸಮಿತಿಯ ಮುಂದೆ ಪ್ರಮಾಣಪತ್ರ ಇಟ್ಟಾಗ ಸಂಕಟಪಡುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಚರ್ಚು, ಮಠ, ಸಮುದಾಯದ ಟ್ರಸ್ಟು, ಕುಟುಂಬದ ಪ್ರತಿಷ್ಠಾನ, ಹೀಗೆ ಖಾಸಗಿ ಕೈಗಳೇ ಇಲ್ಲಿನ ಬಹುಪಾಲು ಉನ್ನತ ಶಿಕ್ಷಣವನ್ನು ಬೆಳೆಸಿದವು. ಖಾಸಗಿ ಶಿಕ್ಷಣ ಸಂಸ್ಥೆಗಳ ಆಡಳಿತದ ಹಕ್ಕು ಎಷ್ಟು, ಸರ್ಕಾರದ ಹಿಡಿತ ಎಷ್ಟು ಎಂಬ ಪ್ರಶ್ನೆಗೆ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟ ಪ್ರಸಿದ್ಧ ಪ್ರಕರಣದ ಹೆಸರೇ ಟಿ.ಎಂ.ಎ. ಪೈ ಪ್ರತಿಷ್ಠಾನದ್ದು. ಇಷ್ಟು ದೊಡ್ಡ ಪರಂಪರೆಯ ನಡುವೆ ಕಾಲೇಜು ನಡೆಸುವುದನ್ನು ಶಾಸ್ತ್ರೀಯವಾಗಿ ಕಲಿತವರು ಬಹಳ ಕಡಿಮೆ. ಒಳ್ಳೆಯ ಪ್ರಾಧ್ಯಾಪಕರು ಒಂದು ಬೆಳಿಗ್ಗೆ ಪ್ರಾಂಶುಪಾಲರಾಗುತ್ತಾರೆ. ಬಜೆಟ್, ಸಿಬ್ಬಂದಿಯ ವ್ಯಾಜ್ಯ, ಮ್ಯಾನೇಜ್‌ಮೆಂಟಿನ ನಿರೀಕ್ಷೆ, ವಿಶ್ವವಿದ್ಯಾಲಯದ ಸುತ್ತೋಲೆ ಎಲ್ಲವನ್ನೂ ಅಂದಿನಿಂದ ಕಲಿಯತೊಡಗುತ್ತಾರೆ. ಆದ್ದರಿಂದ ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡಬೇಕೆನ್ನುವವರ ಬಗ್ಗೆ ನನಗೆ ಗೌರವವಿದೆ.

ಯಾವುದರಿಂದ ಅಳೆಯುವುದು

ಐದು ಅಳತೆಗೋಲುಗಳು ಸಾಕು. ಮೊದಲನೆಯದು ಮಾನ್ಯತೆ: ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದ ಕಣ್ಣಿನಲ್ಲಿ ಇದು ಪಿಎಚ್‌ಡಿಯೇ? ಎರಡನೆಯದು ವಿಷಯ: ಪ್ರಮಾಣಪತ್ರದ ಮೇಲೆ ಯಾವ ವಿಭಾಗದ ಹೆಸರು ಬರುತ್ತದೆ? ಮೂರನೆಯದು ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವವರು. ನಾಲ್ಕನೆಯದು ಸಮಯ ಮತ್ತು ಓಡಾಟ. ಐದನೆಯದು ಹಣ. ಹೆಚ್ಚಿನವರು ಹಣ ಮತ್ತು ಓಡಾಟದಿಂದಲೇ ಲೆಕ್ಕ ಶುರುಮಾಡುತ್ತಾರೆ. ನಾನು ಅವೆರಡನ್ನು ಕೊನೆಗಿಡುತ್ತೇನೆ, ಏಕೆಂದರೆ ಮೊದಲ ಮೂರರಲ್ಲಿ ಎಡವಿದರೆ ಉಳಿಸಿದ ಹಣಕ್ಕೂ ಉಳಿಸಿದ ಪ್ರಯಾಣಕ್ಕೂ ಬೆಲೆ ಇರುವುದಿಲ್ಲ.

ಮಾನ್ಯತೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಭಾರತದಲ್ಲಿ ಪಿಎಚ್‌ಡಿಯನ್ನು ಈಗ ಆಳುತ್ತಿರುವುದು ಯುಜಿಸಿಯ 2022ರ ನವೆಂಬರ್ ನಿಯಮಾವಳಿ. ಅದರಲ್ಲಿ ಹೈಬ್ರಿಡ್, ಅಂದರೆ ಸ್ವಲ್ಪ ಆನ್‌ಲೈನ್ ಸ್ವಲ್ಪ ಮುಖಾಮುಖಿ, ಎಂಬ ಪ್ರತ್ಯೇಕ ವರ್ಗವಿಲ್ಲ. ಪೂರ್ಣಾವಧಿ ಇದೆ, ಪಾರ್ಟ್‌ಟೈಮ್ ಇದೆ. ದೂರಶಿಕ್ಷಣದಲ್ಲಿ ಅಥವಾ ಸಂಪೂರ್ಣ ಆನ್‌ಲೈನಿನಲ್ಲಿ ಪಿಎಚ್‌ಡಿಗೆ ಅವಕಾಶವಿಲ್ಲ. ಕೆಲಸದಲ್ಲಿರುವವರಿಗೆ ತೆರೆದಿರುವ ಸಕ್ರಮ ಬಾಗಿಲು ಪಾರ್ಟ್‌ಟೈಮ್ ಒಂದೇ. ಗೈಡ್ ಜೊತೆಗಿನ ಮಾತುಕತೆ ವಿಡಿಯೋ ಕರೆಯಲ್ಲಿ ನಡೆಯಬಹುದು, ಗ್ರಂಥಾಲಯದ ದತ್ತಸಂಚಯಗಳನ್ನು ಮನೆಯಿಂದಲೇ ಓದಬಹುದು, ಹಾಗೆ ನೋಡಿದರೆ ಇಂದಿನ ಪಾರ್ಟ್‌ಟೈಮ್ ಪಿಎಚ್‌ಡಿ ಅರ್ಧ ಆನ್‌ಲೈನೇ ಆಗಿದೆ. ಆದರೆ ನೋಂದಣಿ, ಕೋರ್ಸ್‌ವರ್ಕ್ ಎಂಬ ಆರಂಭದ ತರಗತಿ ಪಾಠ, ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ, ಕೊನೆಯ ವೈವಾ ಇವೆಲ್ಲ ಪೂರ್ಣಾವಧಿಯವರಿಗೆ ಇರುವಂತೆಯೇ ಇರುತ್ತವೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪದವಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ವಿಶ್ವವಿದ್ಯಾಲಯ ಒಪ್ಪಿದರೆ ಇನ್ನೆರಡು ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು, ಅಂದರೆ ಒಟ್ಟು ಹತ್ತರವರೆಗೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯೂ ನಿಯಮದಲ್ಲೇ ಇದೆ. ಈ ಸೌಲಭ್ಯದ ಬಗ್ಗೆ ಕೇಳಲು ಹಿಂಜರಿಯುವ ಅಧ್ಯಾಪಕಿಯರನ್ನು ಕಂಡಾಗ ಬೇಸರವಾಗುತ್ತದೆ. ಇದು ಯಾರೂ ಮಾಡುವ ಉಪಕಾರವಲ್ಲ.

ವಿಷಯದ ತೊಡಕು

ಇಲ್ಲಿ ನಿಧಾನವಾಗಿ ಓದಿ, ಬಹುಮಂದಿ ಗಮನಿಸದೆ ಹೋಗುವುದು ಇದನ್ನೇ.

ಪ್ರಾಂಶುಪಾಲರ ಹುದ್ದೆಗೆ ಯುಜಿಸಿಯ 2018ರ ನಿಯಮಾವಳಿ ಕೇಳುವುದು ಪಿಎಚ್‌ಡಿ, ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಸ್ಥಾನ, ಒಟ್ಟು ಹದಿನೈದು ವರ್ಷಗಳ ಬೋಧನೆ ಅಥವಾ ಸಂಶೋಧನೆಯ ಅನುಭವ, ಹತ್ತು ಸಂಶೋಧನಾ ಪ್ರಕಟಣೆ ಮತ್ತು 110 ಅಂಕಗಳ ಸಂಶೋಧನಾ ಸ್ಕೋರ್. ಪಿಎಚ್‌ಡಿ ಇಂಥದ್ದೇ ವಿಷಯದಲ್ಲಿರಲಿ ಎಂದು ಆ ಸಾಲು ಹೇಳುವುದಿಲ್ಲ. ಆದರೆ ಸಹ ಪ್ರಾಧ್ಯಾಪಕರಾಗಲು ಬೇಕಾದ ಪಿಎಚ್‌ಡಿ ಮಾತ್ರ ನಿಮ್ಮ ಬೋಧನಾ ವಿಷಯದಲ್ಲಿ ಅಥವಾ ಅದಕ್ಕೆ ಹತ್ತಿರದ, ಸಂಬಂಧಿತ ವಿಷಯದಲ್ಲಿ ಇರಬೇಕು. ಈ ಎರಡು ಸಾಲುಗಳನ್ನು ಒಟ್ಟಿಗೆ ಓದಿದರೆ ತೊಡಕು ಕಾಣುತ್ತದೆ. ರಸಾಯನಶಾಸ್ತ್ರ ಬೋಧಿಸುವ ಸಹಾಯಕ ಪ್ರಾಧ್ಯಾಪಕರೊಬ್ಬರು ಶಿಕ್ಷಣ ನಾಯಕತ್ವದಲ್ಲಿ ಪಿಎಚ್‌ಡಿ ಮಾಡಿದರೆ, ಪ್ರಾಂಶುಪಾಲರ ಹುದ್ದೆಯ ಮೊದಲ ಷರತ್ತು ಪೂರೈಸಿದಂತಾಗುತ್ತದೆ. ಆದರೆ ಅದಕ್ಕೂ ಮುಂಚೆ ಏರಬೇಕಾದ ಸಹ ಪ್ರಾಧ್ಯಾಪಕರ ಮೆಟ್ಟಿಲಲ್ಲೇ ತಡೆ ಬೀಳಬಹುದು. ವಾಣಿಜ್ಯ, ಮ್ಯಾನೇಜ್‌ಮೆಂಟ್, ಶಿಕ್ಷಣಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದವರಿಗೆ ಈ ಸಮಸ್ಯೆ ಇಲ್ಲ. ಕಾಲೇಜಿನ ಹಣಕಾಸನ್ನು ವಾಣಿಜ್ಯ ವಿಭಾಗದಲ್ಲಿ, ಸಿಬ್ಬಂದಿ ನಿರ್ವಹಣೆಯನ್ನು ಮ್ಯಾನೇಜ್‌ಮೆಂಟಿನಲ್ಲಿ, ಗ್ರಾಮೀಣ ಪದವಿ ಕಾಲೇಜುಗಳಿಂದ ವಿದ್ಯಾರ್ಥಿಗಳು ಬೆಂಗಳೂರಿನತ್ತ ಜಾರುವುದನ್ನು ಸಮಾಜಶಾಸ್ತ್ರದಲ್ಲಿ, ಖಾಸಗಿ ಆಡಳಿತ ಮಂಡಳಿ ಮತ್ತು ಸರ್ಕಾರದ ನಡುವಿನ ಸಂಬಂಧವನ್ನು ರಾಜ್ಯಶಾಸ್ತ್ರದಲ್ಲಿ ನೋಂದಾಯಿಸಬಹುದು. ಆಸಕ್ತಿಯ ವಿಷಯವೂ ಕೈಬಿಡುವುದಿಲ್ಲ, ಬಡ್ತಿಯ ದಾರಿಯೂ ಮುಚ್ಚುವುದಿಲ್ಲ.

ವಿಜ್ಞಾನ ಅಥವಾ ಭಾಷೆಯ ಅಧ್ಯಾಪಕರಿಗೆ ನನ್ನ ಸಲಹೆ ನೇರವಾದದ್ದು. ಇನ್ನೂ ಪಿಎಚ್‌ಡಿ ಆಗಿಲ್ಲವಾದರೆ ಮೊದಲು ನಿಮ್ಮ ವಿಷಯದಲ್ಲೇ ಮಾಡಿ. ನಾಯಕತ್ವದ ಕಲಿಕೆಗೆ ಬೇರೆ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಕೊಣಾಜೆ

ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಸರ್ಕಾರಿ ವಿಶ್ವವಿದ್ಯಾಲಯದ ಪಿಎಚ್‌ಡಿ ಎಂದರೆ ಮಾನ್ಯತೆಯ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಶುಲ್ಕವೂ ಖಾಸಗಿ ವಿಶ್ವವಿದ್ಯಾಲಯಗಳಿಗಿಂತ ಹಗುರ. ಅನುದಾನಿತ ಕಾಲೇಜಿನಲ್ಲಿ ಇರುವವರಿಗೆ ಇನ್ನೊಂದು ಅನುಕೂಲ: ನಿಮ್ಮ ಕಾಲೇಜು ಸಂಯೋಜನೆಗೊಂಡಿರುವುದೂ ಇದೇ ವಿಶ್ವವಿದ್ಯಾಲಯಕ್ಕೆ, ಹೀಗಾಗಿ ನಿಯಮ, ಕಚೇರಿ, ಜನ ಎಲ್ಲ ಪರಿಚಿತ. ಜಿಲ್ಲೆಯ ಕಾಲೇಜುಗಳ ಕುರಿತ ದತ್ತಾಂಶ ಸಂಗ್ರಹಿಸಬೇಕಾದ ಸಂಶೋಧಕರಿಗೆ ಈ ಪರಿಚಯ ದೊಡ್ಡ ಬಲ.

ಕಷ್ಟ ಇರುವುದು ಗೈಡ್ ಸಿಗುವುದರಲ್ಲಿ. ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹುದ್ದೆಗಳು ಖಾಲಿ ಇರುವ ವಿಭಾಗದಲ್ಲಿ ಈ ಮಿತಿ ಬಹುಬೇಗ ತುಂಬಿಬಿಡುತ್ತದೆ. ಉನ್ನತ ಶಿಕ್ಷಣದ ಆಡಳಿತವನ್ನೇ ಅಧ್ಯಯನ ಮಾಡಿದ ಗೈಡ್ ಸಿಗುವುದಂತೂ ಮತ್ತೂ ಕಷ್ಟ. ಹಾಗಾಗಿ ಕೊಣಾಜೆಯನ್ನು ಆರಿಸುವವರು ಅಧಿಸೂಚನೆ ಬರುವವರೆಗೆ ಕಾಯದೆ ವಿಭಾಗಕ್ಕೆ ಹೋಗಿ ಮಾತನಾಡಬೇಕು. ಸಂಯೋಜಿತ ಕಾಲೇಜುಗಳಲ್ಲಿ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರಗಳಿದ್ದರೆ ಅಲ್ಲಿನ ಗೈಡ್‌ಗಳನ್ನೂ ವಿಚಾರಿಸಿ. ಉಡುಪಿ ಕಡೆಯವರಿಗೆ ಇದು ಓಡಾಟವನ್ನು ಬಹಳ ತಗ್ಗಿಸುತ್ತದೆ.

ಓಡಾಟದ ಮಾತು ಬಂದಾಗ ಒಂದು ಲೆಕ್ಕ. ಮಂಗಳೂರಿನಿಂದ ಕೊಣಾಜೆಗೆ ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. ಉಡುಪಿಯವರಿಗೆ ಮಂಗಳೂರಿನವರೆಗೇ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮತ್ತೊಂದು ಬಸ್. ಜುಲೈ ತಿಂಗಳ ಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆ ಪ್ರಯಾಣ ಅರ್ಧ ದಿನವನ್ನು ನುಂಗುತ್ತದೆ. ಕೋರ್ಸ್‌ವರ್ಕಿನ ಅವಧಿ ಬಿಟ್ಟರೆ ವಾರ ವಾರ ಹೋಗಬೇಕಾಗಿಲ್ಲ ಎಂಬುದಷ್ಟೇ ಸಮಾಧಾನ.

ಮಣಿಪಾಲ, ದೇರಳಕಟ್ಟೆ ಮತ್ತು ಉಳಿದ ಖಾಸಗಿ ವಿಶ್ವವಿದ್ಯಾಲಯಗಳು

ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ ಇಷ್ಟು ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನ ಸ್ಥಾನ ಪಡೆದ) ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿರುವ ಜಿಲ್ಲೆಗಳು ದೇಶದಲ್ಲಿ ಕಡಿಮೆ. ಮಣಿಪಾಲದ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್), ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ, ಮಂಗಳೂರಿನ ಶ್ರೀನಿವಾಸ ವಿಶ್ವವಿದ್ಯಾಲಯ, 2024ರಲ್ಲಿ ಡೀಮ್ಡ್ ಸ್ಥಾನ ಪಡೆದ ಸಂತ ಅಲೋಶಿಯಸ್. ಸುರತ್ಕಲ್‌ನ ಎನ್‌ಐಟಿಕೆ ಸರ್ಕಾರಿ ಸಂಸ್ಥೆ. ಮಾನವಿಕ, ಸಮಾಜವಿಜ್ಞಾನ ಮತ್ತು ಮ್ಯಾನೇಜ್‌ಮೆಂಟಿನ ವಿಭಾಗ ಅಲ್ಲೂ ಇದೆ, ಮಂಗಳೂರು ಮತ್ತು ಉಡುಪಿ ಎರಡೂ ಕಡೆಯವರಿಗೆ ದಾರಿಯಲ್ಲೇ ಸಿಗುತ್ತದೆ. ಯಾವ ವಿಭಾಗದಲ್ಲಿ ಪಾರ್ಟ್‌ಟೈಮ್ ಸೀಟು ಇದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಇಲ್ಲಿನ ಅನುಕೂಲಗಳು ಗಟ್ಟಿಯಾದವು. ಪ್ರವೇಶ ಪ್ರಕ್ರಿಯೆ ಹೆಚ್ಚು ನಿಯಮಿತ, ಗ್ರಂಥಾಲಯದ ಆನ್‌ಲೈನ್ ಸಂಗ್ರಹ ಶ್ರೀಮಂತ, ಕೆಲಸದಲ್ಲಿರುವ ಸಂಶೋಧಕರನ್ನು ಕಂಡು ಅಭ್ಯಾಸವಿರುವ ಕಚೇರಿ. ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ಕಾಲೇಜುಗಳ ಆಡಳಿತದಲ್ಲಿ ಇರುವವರಿಗೆ ತಮ್ಮ ಕ್ಷೇತ್ರ ಬಲ್ಲ ಗೈಡ್ ಸಿಗುವ ಸಾಧ್ಯತೆ ಇಲ್ಲೇ ಹೆಚ್ಚು. ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಬರುವ ವಿದ್ಯಾರ್ಥಿಗಳ ಹಾಸ್ಟೆಲ್ ಜೀವನವನ್ನು ಅಥವಾ ಬೋಧನಾ ಆಸ್ಪತ್ರೆಯ ವಿಭಾಗ ಮುಖ್ಯಸ್ಥರು ಆಡಳಿತ ಕಲಿಯುವ ಬಗೆಯನ್ನು ಅಧ್ಯಯನ ಮಾಡುವುದಕ್ಕೆ ಈ ಪರಿಸರಕ್ಕಿಂತ ಒಳ್ಳೆಯದು ಇಲ್ಲ.

ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಹಲವು ಪಟ್ಟು. ವಾರ್ಷಿಕ ಶುಲ್ಕವನ್ನು ಮಾತ್ರ ನೋಡಿ ಲೆಕ್ಕ ಹಾಕಬೇಡಿ. ಪಾರ್ಟ್‌ಟೈಮಿನವರು ಮೂರು ವರ್ಷಕ್ಕೆ ಮುಗಿಸುವುದು ವಿರಳ. ಐದಾರು ವರ್ಷಕ್ಕೆ ಗುಣಿಸಿ, ಪ್ರಬಂಧ ಸಲ್ಲಿಕೆಯ ಶುಲ್ಕ, ವಿಸ್ತರಣೆಯ ಶುಲ್ಕ ಸೇರಿಸಿ, ಆಗ ನಿಜವಾದ ಮೊತ್ತ ಗೊತ್ತಾಗುತ್ತದೆ. ಸ್ವಂತ ಸಿಬ್ಬಂದಿಗೆ ರಿಯಾಯಿತಿ ಕೊಡುವ ಸಂಸ್ಥೆಗಳಿವೆ. ನೀವು ಅಂಥ ಸಮೂಹದಲ್ಲೇ ಉದ್ಯೋಗಿಯಾಗಿದ್ದರೆ ಆರ್ಥಿಕವಾಗಿ ಇದು ತೀರ ಸುಲಭದ ಆಯ್ಕೆ. ಆದರೆ ನಿಮ್ಮ ಸಂಸ್ಥೆಯ ಆಡಳಿತವನ್ನೇ ವಿಮರ್ಶಿಸುವ ವಿಷಯವನ್ನು ಅದೇ ಸಂಸ್ಥೆಯಲ್ಲಿ ನೋಂದಾಯಿಸಬೇಡಿ. ಸಂಬಳ ಕೊಡುವವರ ಬಗ್ಗೆಯೇ ಸಂದರ್ಶನ ನಡೆಸಿ ನಿರ್ಭಯವಾಗಿ ಬರೆಯುವುದು ಯಾರಿಗೂ ಕಷ್ಟ. ಸಹೋದ್ಯೋಗಿಗಳೂ ಮನಬಿಚ್ಚಿ ಉತ್ತರ ಕೊಡುವುದಿಲ್ಲ.

ಉಡುಪಿಯವರಿಗೆ ಮಣಿಪಾಲ ಐದಾರು ಕಿಲೋಮೀಟರ್. ಸಂಜೆ ತರಗತಿ ಮುಗಿಸಿ ಗೈಡನ್ನು ಕಂಡು, ಗ್ರಂಥಾಲಯದಲ್ಲಿ ಎರಡು ಗಂಟೆ ಕೂತು ರಾತ್ರಿ ಊಟಕ್ಕೆ ಮನೆ ಸೇರಬಹುದು. ಚಿಕ್ಕ ಮಕ್ಕಳಿರುವ ಅಧ್ಯಾಪಕಿಗೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರಿಗೆ ಈ ಒಂದು ಕಾರಣ ಹೆಚ್ಚಿನ ಶುಲ್ಕವನ್ನು ಸಮರ್ಥಿಸುತ್ತದೆ. ನಡುವೆ ನಿಂತುಹೋದ ಅಗ್ಗದ ಪಿಎಚ್‌ಡಿಗಿಂತ ಮುಗಿಯುವ ದುಬಾರಿ ಪಿಎಚ್‌ಡಿ ಮೇಲು.

ದೆಹಲಿ

ಶಿಕ್ಷಣದ ಯೋಜನೆ ಮತ್ತು ಆಡಳಿತವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡ ರಾಷ್ಟ್ರೀಯ ಸಂಸ್ಥೆ ದೆಹಲಿಯ ನೀಪಾ. ಅಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿ ಇದೆ, ಉನ್ನತ ಶಿಕ್ಷಣ ನೀತಿಯ ಸಂಶೋಧನೆಗೆಂದೇ ಪ್ರತ್ಯೇಕ ಕೇಂದ್ರವೂ ಇದೆ. ವಿಷಯದ ಆಳ, ಗೈಡ್‌ಗಳ ಅನುಭವ ಎರಡನ್ನೂ ಪರಿಗಣಿಸಿದರೆ ಈ ಕ್ಷೇತ್ರದಲ್ಲಿ ಭಾರತದೊಳಗೆ ಅದಕ್ಕೆ ಸಾಟಿ ಕಡಿಮೆ. ತೂಗಿ ನೋಡಬೇಕಾದದ್ದು ದೂರ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಉಡುಪಿಯಿಂದ ದೆಹಲಿಗೆ ಸುಮಾರು ಒಂದೂವರೆ ದಿನ. ವಿಮಾನವಾದರೆ ಪ್ರತಿ ಸೆಮಿಸ್ಟರಿಗೂ ಟಿಕೆಟ್ಟಿನ ಖರ್ಚು, ಅಲ್ಲಿ ಉಳಿಯುವ ಖರ್ಚು. ಕೋರ್ಸ್‌ವರ್ಕಿಗೆ ಕಾಲೇಜಿನಿಂದ ದೀರ್ಘ ರಜೆ ಸಿಗುವ ಭರವಸೆ ಇದ್ದವರು ಮಾತ್ರ ಇದನ್ನು ಯೋಚಿಸಬೇಕು. ಇಲಾಖೆ, ವಿಶ್ವವಿದ್ಯಾಲಯ ಅಥವಾ ನೀತಿ ರೂಪಿಸುವ ಮಟ್ಟದಲ್ಲಿ ಕೆಲಸ ಮಾಡುವ ಕನಸಿರುವವರಿಗೆ ಅಷ್ಟು ದೂರ ಹೋದದ್ದು ವ್ಯರ್ಥವಾಗುವುದಿಲ್ಲ.

ಹೊರದೇಶದ ಹೈಬ್ರಿಡ್

ನಿಜವಾದ ಅರ್ಥದ ಹೈಬ್ರಿಡ್ ಡಾಕ್ಟರೇಟ್ ಇರುವುದು ಅಮೆರಿಕ ಮತ್ತು ಬ್ರಿಟನ್ನಿನಲ್ಲಿ. ಅಲ್ಲಿ ಇದು ಹೊಸದಲ್ಲ. ಪಿಎಚ್‌ಡಿಗೆ ಸಮಾನಾಂತರವಾಗಿ ಡಾಕ್ಟರ್ ಆಫ್ ಎಜುಕೇಶನ್, ಅಂದರೆ ಇಡಿಡಿ, ಹಾರ್ವರ್ಡಿನಲ್ಲಿ ಆರಂಭವಾಗಿ ನೂರು ವರ್ಷ ಕಳೆದಿದೆ. ವಿದ್ವಾಂಸರನ್ನು ತಯಾರಿಸುವುದು ಪಿಎಚ್‌ಡಿಯ ಗುರಿಯಾದರೆ, ಸಂಸ್ಥೆ ನಡೆಸುವವರನ್ನು ತಯಾರಿಸುವುದು ಇಡಿಡಿಯ ಗುರಿ. ಎರಡರ ನಡುವಿನ ಗೆರೆ ಮಸುಕಾಗುತ್ತ ಬಂದಾಗ 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಬೆಂಬಲದಿಂದ ಹಲವು ವಿಶ್ವವಿದ್ಯಾಲಯಗಳು ಸೇರಿ ಇಡಿಡಿಯನ್ನು ಪುನಃ ರೂಪಿಸುವ ಕೆಲಸಕ್ಕೆ ಇಳಿದವು. ಅದರ ಫಲವಾಗಿ ಈಗ ಹೆಚ್ಚಿನ ಕಡೆ ಅಭ್ಯರ್ಥಿ ತನ್ನ ಸಂಸ್ಥೆಯ ಒಂದು ನಿಜ ಸಮಸ್ಯೆಯನ್ನೇ ಹಿಡಿದು ಪ್ರಬಂಧ ಬರೆಯುತ್ತಾನೆ: ಮೊದಲ ವರ್ಷವೇ ಕಾಲೇಜು ಬಿಡುವ ವಿದ್ಯಾರ್ಥಿಗಳು, ಒಂದಾಗಲು ಒಪ್ಪದ ಎರಡು ವಿಭಾಗಗಳು, ಹಣ ಕಡಿಮೆಯಾದ ಗ್ರಂಥಾಲಯ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಉನ್ನತ ಶಿಕ್ಷಣ ನಿರ್ವಹಣೆಯ ಎಕ್ಸಿಕ್ಯುಟಿವ್ ಡಾಕ್ಟರೇಟ್ ಈ ಮಾದರಿಯ ಪ್ರಸಿದ್ಧ ಉದಾಹರಣೆ. ಒಂದೇ ತಂಡ ಸುಮಾರು ಎರಡು ವರ್ಷ ಒಟ್ಟಿಗೆ ಸಾಗುತ್ತದೆ, ತಿಂಗಳಿಗೊಂದು ವಾರಾಂತ್ಯ ಫಿಲಡೆಲ್ಫಿಯಾದಲ್ಲಿ ಸೇರುತ್ತದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಇದೇ ಕ್ಷೇತ್ರದ ಡಿಬಿಎ, ಅಂದರೆ ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಶನ್, ಇದೆ; ಅಲ್ಲಿ ಕೆಲವು ವಾಸ್ತವ್ಯ ಶಿಬಿರಗಳು, ಉಳಿದದ್ದು ಮನೆಯಿಂದ. ವಾಂಡರ್‌ಬಿಲ್ಟ್‌ನಂಥವು ಬಹುಪಾಲು ಆನ್‌ಲೈನ್ ತರಗತಿ ನಡೆಸುತ್ತವೆ. ಬೋಧನೆಯ ಗುಣಮಟ್ಟದ ಬಗ್ಗೆ ನನಗೆ ಎರಡು ಮಾತಿಲ್ಲ. ಹತ್ತಾರು ದೇಶಗಳ ಡೀನ್, ರಿಜಿಸ್ಟ್ರಾರ್, ಹಣಕಾಸು ಅಧಿಕಾರಿಗಳ ಜೊತೆ ಕೂತು ಒಂದು ಸಮಸ್ಯೆಯನ್ನು ಬಿಡಿಸುವ ಅನುಭವ ನಮ್ಮಲ್ಲಿ ಸದ್ಯಕ್ಕೆ ಸಿಗುವುದಿಲ್ಲ.

ಆದರೆ ಮೊದಲ ಅಳತೆಗೋಲಿಗೆ ಬನ್ನಿ. ಯುಜಿಸಿ ನೇಮಕಾತಿ ನಿಯಮ ಕೇಳುವುದು ಪಿಎಚ್‌ಡಿಯನ್ನು. ಇಡಿಡಿ ಅಥವಾ ಡಿಬಿಎ ತಾನಾಗಿಯೇ ಅದರ ಜಾಗಕ್ಕೆ ಬರುವುದಿಲ್ಲ. ಹೊರದೇಶದ ಪದವಿಗಳ ಸಮಾನತೆಗಾಗಿ ಯುಜಿಸಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ನಿಯಮಾವಳಿ, ಓದು ನೇರ ತರಗತಿಯ ನಿಯಮಿತ ಕ್ರಮದಲ್ಲಿ ನಡೆದಿರಬೇಕು, ಆನ್‌ಲೈನ್ ಅಥವಾ ದೂರಶಿಕ್ಷಣವಾಗಿರಬಾರದು ಎನ್ನುತ್ತದೆ. ಅರ್ಧ ಆನ್‌ಲೈನ್ ಇರುವ ಪದವಿಗೆ ಸಮಾನತಾ ಪ್ರಮಾಣಪತ್ರ ಸಿಗುತ್ತದೆಂದು ನಂಬಿ ಹಣ ಕಟ್ಟುವುದು ಅಪಾಯ. ಆ ವಿಶ್ವವಿದ್ಯಾಲಯ ಜಗತ್ತಿನ ಮೊದಲ ಐನೂರರ ಪಟ್ಟಿಯಲ್ಲಿದೆ ಎಂಬ ಸಮಾಧಾನವನ್ನು ಏಜೆಂಟರು ಹೇಳುತ್ತಾರೆ. 2018ರ ನಿಯಮದಲ್ಲಿ ಆ ಪಟ್ಟಿಯ ಮಾತು ಬರುವುದು ಪಿಎಚ್‌ಡಿಗೆ ಸಂಬಂಧಿಸಿ, ಅದೂ ಸಹಾಯಕ ಪ್ರಾಧ್ಯಾಪಕರ ನೇಮಕದಲ್ಲಿ.

ಹಣ ಹತ್ತಾರು ಲಕ್ಷ. ಅಮೆರಿಕದ ಹೆಸರಾಂತ ಎಕ್ಸಿಕ್ಯುಟಿವ್ ಕೋರ್ಸಾದರೆ ಪ್ರಯಾಣ ಸೇರಿ ಕೋಟಿಯನ್ನೂ ದಾಟುತ್ತದೆ. ಸಮಯದ ವ್ಯತ್ಯಾಸವನ್ನೂ ಲೆಕ್ಕಿಸಿ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ಆರಕ್ಕೆ ಆರಂಭವಾಗುವ ಆನ್‌ಲೈನ್ ತರಗತಿ ಇಲ್ಲಿ ಬೆಳಗಿನ ಜಾವ ಮೂರೂವರೆ ಅಥವಾ ನಾಲ್ಕೂವರೆ. ಬ್ರಿಟನ್ನಿನದು ರಾತ್ರಿ ಹತ್ತೂವರೆ, ಹನ್ನೊಂದೂವರೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಪೀರಿಯಡ್ ಇರುವವರು ಎಷ್ಟು ತಿಂಗಳು ಇದನ್ನು ತಾಳಿಕೊಳ್ಳಬಲ್ಲರು ಎಂದು ಮನೆಯವರ ಜೊತೆ ಕೂತು ಯೋಚಿಸಬೇಕು.

ಹಾಗಾದರೆ ಇದು ಯಾರಿಗೆ? ಯುಜಿಸಿ ಹುದ್ದೆಯ ಹಂಗಿಲ್ಲದವರಿಗೆ. ಶಿಕ್ಷಣ ಸಮೂಹದ ಟ್ರಸ್ಟಿಗಳಿಗೆ, ಮುಂದಿನ ತಲೆಮಾರಿನಲ್ಲಿ ಆಡಳಿತ ವಹಿಸಿಕೊಳ್ಳುವವರಿಗೆ, ಕೊಲ್ಲಿ ದೇಶಗಳಲ್ಲಿರುವ ಕಾಲೇಜುಗಳಲ್ಲಿ ಅವಕಾಶ ಹುಡುಕುವವರಿಗೆ, ತಮ್ಮ ವಿಷಯದಲ್ಲಿ ಈಗಾಗಲೇ ಪಿಎಚ್‌ಡಿ ಇದ್ದು ಕುಲಪತಿ ಮಟ್ಟದ ಹೊಣೆಗೆ ಸಜ್ಜಾಗುವವರಿಗೆ. ಇವರಿಗೆ ಬೇಕಾದದ್ದು ಕಲಿಕೆ ಮತ್ತು ಸಂಪರ್ಕ, ಅದು ಅಲ್ಲಿ ಧಾರಾಳವಾಗಿ ಸಿಗುತ್ತದೆ. ಸಂಬಳವನ್ನೇ ನಂಬಿದ ಅಧ್ಯಾಪಕರು ಮನೆ ಅಡವಿಟ್ಟು ಹೋಗುವ ದಾರಿ ಇದಲ್ಲ.

ಮೊಬೈಲಿನಲ್ಲಿ ಬರುವ ಜಾಹೀರಾತುಗಳು

ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆನ್‌ಲೈನ್ ಕಂಪನಿಗಳು ಮಾರುವ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ನಿಯಂತ್ರಕ ಮಂಡಳಿ ಎಐಸಿಟಿಇ 2022ರ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ನಮ್ಮದೇ ದೇಶದೊಳಗೆ, ಎರಡು ಸಲ ಬಂದು ಹೋದರೆ ಸಾಕು, ಪ್ರಬಂಧಕ್ಕೂ ನಾವೇ ನೆರವಾಗುತ್ತೇವೆ ಎನ್ನುವ ದೂರದ ರಾಜ್ಯಗಳ ಏಜೆಂಟರಿದ್ದಾರೆ. ಪಿಎಚ್‌ಡಿ ನಿಯಮಗಳನ್ನು ಪಾಲಿಸದ ಕಾರಣಕ್ಕೆ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಹೊಸ ಸಂಶೋಧಕರನ್ನು ಸೇರಿಸಿಕೊಳ್ಳದಂತೆ ಯುಜಿಸಿ 2025ರ ಜನವರಿಯಲ್ಲಿ ತಡೆಯಿತು. ಇವುಗಳನ್ನು ಹೋಲಿಕೆಗೇ ತೆಗೆದುಕೊಳ್ಳಬೇಕಾಗಿಲ್ಲ. ವಿದ್ಯಾರ್ಥಿಗಳ ನಕಲನ್ನು ಹಿಡಿಯುವ ಹೊಣೆ ಹೊತ್ತವರು ಕೊಂಡುತಂದ ಪ್ರಬಂಧದ ಮೇಲೆ ಪ್ರಾಂಶುಪಾಲರ ಕುರ್ಚಿಯಲ್ಲಿ ಕೂರುವುದನ್ನು ನಾನು ಒಪ್ಪಲಾರೆ.

ಡಾಕ್ಟರೇಟೇ ಬೇಕೇ?

ಎಲ್ಲರಿಗೂ ಬೇಡ. ವಿಷಯದಲ್ಲಿ ಪಿಎಚ್‌ಡಿ ಆಗಿರುವವರಿಗೆ ಎರಡನೆಯದು ಸಾಮಾನ್ಯವಾಗಿ ಅನಗತ್ಯ. ನೀಪಾದ ಶಿಕ್ಷಣ ಯೋಜನೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ, 2023ರಲ್ಲಿ ಆರಂಭವಾದ ಮಾಳವೀಯ ಮಿಷನ್ ಅಧ್ಯಾಪಕ ತರಬೇತಿ, ಇಂಥವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮುಗಿಯುತ್ತವೆ, ನಾಳೆಯೇ ಕೆಲಸಕ್ಕೆ ಬರುತ್ತವೆ. ನಿವೃತ್ತಿಗೆ ಏಳೆಂಟು ವರ್ಷ ಉಳಿದಿರುವವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಪಾರ್ಟ್‌ಟೈಮ್ ಪಿಎಚ್‌ಡಿ ಮುಗಿಯುವ ಹೊತ್ತಿಗೆ ಅದನ್ನು ಬಳಸಲು ಉಳಿಯುವ ಸೇವಾವಧಿ ಎಷ್ಟು? ಓದುವ ಸಂತೋಷಕ್ಕಾಗಿಯೇ ಮಾಡುವವರ ಮಾತು ಬೇರೆ, ಅವರಿಗೆ ವಯಸ್ಸಿನ ಲೆಕ್ಕ ಬೇಡ.

ನಾನು ಯಾರಿಗೆ ಏನು ಹೇಳುತ್ತೇನೆ

ಅನುದಾನಿತ ಅಥವಾ ಸರ್ಕಾರಿ ಕಾಲೇಜಿನಲ್ಲಿ ವಾಣಿಜ್ಯ, ಮ್ಯಾನೇಜ್‌ಮೆಂಟ್ ಅಥವಾ ಸಮಾಜವಿಜ್ಞಾನ ಬೋಧಿಸುವ, ನಲವತ್ತರ ಆಸುಪಾಸಿನ, ಪಿಎಚ್‌ಡಿ ಇಲ್ಲದ ಅಧ್ಯಾಪಕರಿಗೆ ಕೊಣಾಜೆಯ ಪಾರ್ಟ್‌ಟೈಮ್ ಮೊದಲ ಆಯ್ಕೆ, ಗೈಡ್ ಸಿಗುವ ಷರತ್ತಿನ ಮೇಲೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ವರ್ಷಗಟ್ಟಲೆ ಕಾಯದೆ ಸುರತ್ಕಲ್, ದೇರಳಕಟ್ಟೆ, ಮಣಿಪಾಲದ ಕಡೆ ತಿರುಗಬೇಕು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರಿಗೆ ಮನೆಯ ಹೊಣೆ ಭಾರವಾಗಿದ್ದರೆ ಮಣಿಪಾಲವನ್ನೇ ಮೊದಲು ನೋಡಿ ಎನ್ನುತ್ತೇನೆ. ಡೀಮ್ಡ್ ಸಮೂಹದ ಉದ್ಯೋಗಿಗಳು ರಿಯಾಯಿತಿ ಬಳಸಿಕೊಳ್ಳಲಿ, ವಿಷಯವನ್ನು ಮಾತ್ರ ಹೊರಗಿನ ಕಾಲೇಜುಗಳ ಮೇಲೆ ಆರಿಸಿಕೊಳ್ಳಲಿ. ನೀತಿ ನಿರೂಪಣೆಯ ಕನಸು ಮತ್ತು ರಜೆಯ ಖಚಿತತೆ ಎರಡೂ ಇದ್ದವರು ದೆಹಲಿಗೆ ಅರ್ಜಿ ಹಾಕಲಿ. ಹೊರದೇಶದ ಹೈಬ್ರಿಡ್ ಟ್ರಸ್ಟಿಗಳಿಗೆ ಮತ್ತು ಈಗಾಗಲೇ ಪಿಎಚ್‌ಡಿ ಇರುವ ಹಿರಿಯರಿಗೆ.

ಅರ್ಜಿ ಹಾಕುವ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. 2024ರಿಂದ ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯ ಅಂಕಗಳನ್ನು ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು, ಆಗ ಎನ್‌ಇಟಿಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ. ಹೀಗೆ ಬಳಸುವ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಆದ್ದರಿಂದ ಪರೀಕ್ಷೆಯನ್ನೂ ವಿಶ್ವವಿದ್ಯಾಲಯದ ಅಧಿಸೂಚನೆಯನ್ನೂ ಹೊಂದಿಸಿಕೊಳ್ಳಿ. ಗೈಡ್ ಬಗ್ಗೆ ಕಾರಿಡಾರಿನ ಮಾತು ನಂಬದೆ ಶೋಧಗಂಗಾ ಜಾಲತಾಣದಲ್ಲಿ ಅವರ ಮಾರ್ಗದರ್ಶನದ ಹಳೆಯ ಪ್ರಬಂಧಗಳನ್ನು ತೆರೆದು ಓದಿ. ಹಲವು ಪ್ರಬಂಧಗಳ ವಿವರದಲ್ಲಿ ನೋಂದಣಿಯ ವರ್ಷ, ಮುಗಿದ ವರ್ಷ ಎರಡೂ ಇರುತ್ತವೆ. ಅವರ ಬಳಿ ಒಂದು ಪ್ರಬಂಧ ಮುಗಿಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಅವರ ಈಗಿನ ಸಂಶೋಧಕರಲ್ಲಿ ಕೆಲಸದಲ್ಲಿರುವ ಒಬ್ಬರನ್ನಾದರೂ ಭೇಟಿಯಾಗಿ, ಕಳುಹಿಸಿದ ಅಧ್ಯಾಯ ಎಷ್ಟು ವಾರಕ್ಕೆ ತಿದ್ದಿ ವಾಪಸ್ ಬರುತ್ತದೆ ಎಂದು ಕೇಳಿ.

ಕೊನೆಯದಾಗಿ ಎನ್‌ಒಸಿ, ಅಂದರೆ ನೀವು ಕೆಲಸ ಮಾಡುವ ಸಂಸ್ಥೆ ಕೊಡುವ ನಿರಾಕ್ಷೇಪಣಾ ಪತ್ರ. ಪಾರ್ಟ್‌ಟೈಮ್ ಅಭ್ಯರ್ಥಿಗೆ ಅದು ಕಡ್ಡಾಯ. ಆಕ್ಷೇಪಣೆ ಇಲ್ಲ ಎಂಬ ಒಂದು ಸಾಲಿನ ಪತ್ರ ತಂದು ಸುಮ್ಮನಾಗಬೇಡಿ. ಪಾರ್ಟ್‌ಟೈಮ್ ಓದಿಗೆ ಅನುಮತಿ ಇದೆ, ನಿಮ್ಮ ಕೆಲಸದ ಸ್ವರೂಪ ಸಂಶೋಧನೆಗೆ ಸಾಕಷ್ಟು ಸಮಯ ಬಿಡುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕಿಗೆ ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ, ಈ ಮೂರೂ ಅಂಶ ಅದರಲ್ಲಿ ಸ್ಪಷ್ಟವಾಗಿರಬೇಕು ಎಂದು ನಿಯಮವೇ ಹೇಳುತ್ತದೆ. ಆಡಳಿತ ಮಂಡಳಿಯ ಸಭೆ ನಡೆಯುವುದಕ್ಕೆ ಮೊದಲೇ ಈ ಮೂರು ಸಾಲುಗಳ ಕರಡನ್ನು ನೀವೇ ಬರೆದು ಪ್ರಾಂಶುಪಾಲರ ಕೈಗೆ ಕೊಡಿ, ಸಹಿ ಮತ್ತು ಮೊಹರಿನೊಂದಿಗೆ ಎರಡು ಪ್ರತಿ ತೆಗೆದುಕೊಂಡು ಒಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ನಡುವೆ ಆಡಳಿತ ಬದಲಾದಾಗ, ಪರೀಕ್ಷಾ ಕೆಲಸದ ನೆಪದಲ್ಲಿ ರಜೆ ನಿರಾಕರಣೆಯಾದಾಗ ನಿಮ್ಮ ಪರವಾಗಿ ನಿಲ್ಲುವ ಕಾಗದ ಅದೊಂದೇ.